ಹಗುರವಾದ ತಾಮ್ರದ ಗುಂಡಿಗೆ ಬಿಗಿಯಾದ ತಿರುವು ಏಕೆ ಬೇಕು? ರೈಫಲ್ ನಳಿಗೆ ಮತ್ತು ಗುಂಡಿನ ಸ್ಥಿರತೆ ಕುರಿತು ಚರ್ಚೆ

ಪಿ.ಬಿ. ರಸ್ತೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಗಂಡ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ನೆಲೆಸಿದ್ದಾರೆ. ಅಲ್ಲಿ ನವೆಂಬರ್ ತಿಂಗಳಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಪರವಾನಗಿ ಕೊಡುತ್ತದೆ, ಭಾವನವರು ಸಹೋದ್ಯೋಗಿಗಳ ಜೊತೆ ಹೋಗುವ ರೂಢಿ ಇಟ್ಟುಕೊಂಡಿದ್ದಾರೆ. ಅವರದು .243 ವಿಂಚೆಸ್ಟರ್ ರೈಫಲ್. ನಳಿಗೆಯ ತಿರುವು, ಅಂದರೆ ಗುಂಡನ್ನು ಸುತ್ತಿಸುವ ಒಳಗಿನ ಸುರುಳಿ ಗೆರೆಗಳ ಅಳತೆ, ಹತ್ತು ಇಂಚಿಗೆ ಒಂದು ಸುತ್ತು (1:10); ಇಂಚು ಕಡಿಮೆಯಾದಷ್ಟೂ ತಿರುವು ಬಿಗಿ. ಇಲ್ಲಿಯವರೆಗೆ 100 ಗ್ರೇನ್ (ಗುಂಡಿನ ತೂಕ ಅಳೆಯುವ ಸಣ್ಣ ಮಾನ) ತೂಕದ, ಸೀಸದ ತಿರುಳಿನ ಗುಂಡನ್ನು ಬಳಸುತ್ತಿದ್ದರು. ಸೀಸದ ಸಣ್ಣ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ ಎಂಬ ಕಾರಣಕ್ಕೆ, ಮನೆಯಲ್ಲಿ ಮಕ್ಕಳೂ ಅದನ್ನೇ ತಿನ್ನುವುದರಿಂದ, ಈ ವರ್ಷ ಪೂರ್ತಿ ತಾಮ್ರದ ಗುಂಡಿಗೆ ಬದಲಾಗಬೇಕೆಂದು ತೀರ್ಮಾನಿಸಿದ್ದಾರೆ.

ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದು 95 ಗ್ರೇನಿನ ತಾಮ್ರದ ಗುಂಡು. ಅದರ ಪೆಟ್ಟಿಗೆಯ ಮೇಲೆ, ಎಂಟು ಇಂಚಿಗೆ ಒಂದು ಸುತ್ತು ಅಥವಾ ಅದಕ್ಕಿಂತ ಬಿಗಿಯಾದ ತಿರುವಿರುವ ನಳಿಗೆಗೆ ಮಾತ್ರ ಎಂದು ಮುದ್ರಿಸಿದೆ. ನನಗೆ ತಿಳಿಯದಿರುವುದು ಇಲ್ಲಿಯೇ. ನಾನು .22 ರೈಫಲಿನಲ್ಲಿ ಕಾಗದದ ಗುರಿಗೆ ಹೊಡೆಯುವವನು. ಗುಂಡು ಭಾರವಾದಷ್ಟೂ ತಿರುವು ಬಿಗಿಯಾಗಿರಬೇಕು ಎಂದೇ ಕೇಳಿಕೊಂಡು ಬಂದಿದ್ದೇನೆ. ಹೊಸ ಗುಂಡು ಹಳೆಯದಕ್ಕಿಂತ 5 ಗ್ರೇನ್ ಹಗುರವಾಗಿದೆ. ಹಾಗಿದ್ದ ಮೇಲೆ ಹಳೆಯ ನಳಿಗೆ ಏಕೆ ಸಾಲದು? ಭಾವನವರು ಜುಲೈ ತಿಂಗಳಲ್ಲಿ ಕಾಗದದ ಮೇಲೆ ಹೊಡೆದು ನೋಡಿದ್ದಾರೆ. ರಂಧ್ರಗಳು ದುಂಡಗೇ ಬಿದ್ದಿವೆ. ಪೆಟ್ಟಿಗೆಯ ಮೇಲಿನ ಮಾತನ್ನು ಕಡೆಗಣಿಸಬಹುದೇ?

ಕೊಂಡುಕುರಿ, ಜಗಳೂರು

ವಿಷಯ ಮುಂದುವರಿಯುವ ಮೊದಲು ಒಂದು ಮಾತು. ಬೇಟೆಯ ಪ್ರಸ್ತಾಪ ಮಿನ್ನೆಸೋಟಾದ್ದಾಗಿರುವುದರಿಂದ ನನ್ನ ಆಕ್ಷೇಪಣೆ ಇಲ್ಲ. ಆದರೆ ಈ ಚರ್ಚೆಯನ್ನು ಓದುವವರಲ್ಲಿ ನಮ್ಮ ಜಿಲ್ಲೆಗಳವರೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನ ಪ್ರಕಾರ ನಮ್ಮಲ್ಲಿ ಬೇಟೆ ನಿಷಿದ್ಧ. ರಂಗಯ್ಯನದುರ್ಗದ ಕೊಂಡುಕುರಿಯಾಗಲಿ, ಜೋಗಿಮಟ್ಟಿಯ ಕಾಡಿನ ಯಾವುದೇ ಪ್ರಾಣಿಯಾಗಲಿ, ಹೊಲಕ್ಕೆ ನುಗ್ಗಿತೆಂಬ ಕಾರಣಕ್ಕೆ ನಾವೇ ಹೊಡೆಯುವಂತಿಲ್ಲ. ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಪಡೆದವರಿಗೂ ಅದರಿಂದ ಬೇಟೆಯ ಅನುಮತಿ ಸಿಕ್ಕಂತಾಗುವುದಿಲ್ಲ. ಇಷ್ಟು ಹೇಳಿದ ಮೇಲೆ, ಲೆಕ್ಕ ಏನೆಂದು ತಿಳಿಯುವ ಕುತೂಹಲ ನನಗೂ ಇದೆ.

ನಿವೃತ್ತ ಹವಾಲ್ದಾರ್, ಹೊಳಲ್ಕೆರೆ

ನಾನು ಇಲಾಖೆಯಲ್ಲಿದ್ದಷ್ಟು ಕಾಲ ಕೈಯಲ್ಲಿ ಹಿಡಿದದ್ದು .303 ರೈಫಲ್, ಬ್ರಿಟಿಷರ ಕಾಲದ್ದು. ಅದರ ತಿರುವು ಹತ್ತು ಇಂಚಿಗೆ ಒಂದು ಸುತ್ತು, ಅದೂ ಎಡಕ್ಕೆ. ಆ ತಿರುವನ್ನು ನಿಗದಿ ಮಾಡಿದ ಕಾಲದಲ್ಲಿ ಗುಂಡು 215 ಗ್ರೇನಿನದು, ಮೊಂಡು ಮೂತಿಯದು. 1910ರಲ್ಲಿ 174 ಗ್ರೇನಿನ ಚೂಪು ಮೂತಿಯ ಏಳನೇ ಮಾರ್ಕಿನ (ಏಳನೇ ಮಾದರಿಯ) ಗುಂಡು ಬಂದಾಗ ತಿರುವನ್ನು ಯಾರೂ ಬದಲಿಸಲಿಲ್ಲ, ಬದಲಿಸುವ ಅಗತ್ಯವೂ ಬೀಳಲಿಲ್ಲ. ಭಾರದ ಗುಂಡಿಗೆ ಸಾಕಾದ ತಿರುವು ಹಗುರದ ಗುಂಡಿಗೆ ಧಾರಾಳವಾಗಿ ಸಾಕು ಎಂಬುದೇ ನಮಗೆ ಕಲಿಸಿದ ಪಾಠ. ಪೆಟ್ಟಿಗೆಯ ಮೇಲಿನ ಬರಹ ಕಂಪನಿಯವರು ತಮ್ಮ ಮೇಲೆ ದೂರು ಬಾರದಿರಲೆಂದು ಹಾಕಿಕೊಂಡ ರಕ್ಷಣೆ ಎಂದು ನನ್ನ ಅಭಿಪ್ರಾಯ. ಕಾಗದದಲ್ಲಿ ದುಂಡನೆಯ ರಂಧ್ರ ಬಿದ್ದಿದೆ ಎಂದರೆ ಗುಂಡು ನೆಟ್ಟಗೆ ಹೋಗಿದೆ ಎಂದೇ ಅರ್ಥ.

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಹವಾಲ್ದಾರರ ಪಾಠ ಸೀಸದ ಗುಂಡುಗಳ ಮಟ್ಟಿಗೆ ಕೆಲಸ ಮಾಡುತ್ತದೆ, ಏಕೆಂದರೆ ಒಂದೇ ವ್ಯಾಸದ, ಒಂದೇ ಲೋಹದ ಗುಂಡುಗಳಲ್ಲಿ ತೂಕ ಹೆಚ್ಚಬೇಕಾದರೆ ಉದ್ದವೇ ಹೆಚ್ಚಬೇಕು. ತೂಕ ಮತ್ತು ಉದ್ದ ಜೊತೆಯಾಗಿಯೇ ಏರುವುದರಿಂದ, ತಿರುವನ್ನು ನಿರ್ಧರಿಸುವುದು ಇವೆರಡರಲ್ಲಿ ಯಾವುದು ಎಂದು ವಿಚಾರಿಸುವ ಪ್ರಸಂಗವೇ ಬರುವುದಿಲ್ಲ. ಲೋಹ ಬದಲಾದಾಗ ಆ ಜೋಡಿ ಮುರಿಯುತ್ತದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಅಷ್ಟೇ ತೂಕವನ್ನು ಅಷ್ಟೇ ವ್ಯಾಸದ ನಳಿಗೆಯಲ್ಲಿ ತೂರಿಸಬೇಕಾದರೆ ತಾಮ್ರದ ಗುಂಡು ಉದ್ದವಾಗದೆ ಬೇರೆ ದಾರಿಯಿಲ್ಲ.

ಉದ್ದ ಏಕೆ ಮುಖ್ಯ ಎಂಬುದನ್ನು ಬುಡದಿಂದ ನೋಡೋಣ. ಚೂಪು ಮೂತಿಯ ಗುಂಡಿನಲ್ಲಿ ಹೆಚ್ಚು ಲೋಹ ಹಿಂಭಾಗದಲ್ಲಿರುವುದರಿಂದ ಅದರ ಗುರುತ್ವ ಕೇಂದ್ರವೂ ಹಿಂದೆಯೇ ಇರುತ್ತದೆ. ಎದುರುಗಾಳಿಯ ಒತ್ತಡ ಒಟ್ಟಾಗಿ ಬೀಳುವ ಬಿಂದು ಅದಕ್ಕಿಂತ ಮುಂದೆ, ಮೂತಿಯ ಕಡೆಗೆ ಇರುತ್ತದೆ. ಹಾಗಾಗಿ ಗುಂಡು ಒಂದಿಷ್ಟು ವಾಲಿದರೆ ಸಾಕು, ಗಾಳಿ ಅದರ ಮೂತಿಯನ್ನು ಹಿಡಿದು ಇನ್ನಷ್ಟು ಮಗುಚಲು ನೋಡುತ್ತದೆ. ಉದ್ದ ಹೆಚ್ಚಿದಂತೆ ಈ ಎರಡು ಬಿಂದುಗಳ ನಡುವಿನ ಅಂತರ ಹೆಚ್ಚಿ, ಮಗುಚುವ ಬಲಕ್ಕೆ ಹಿಡಿತ ಸಿಗುತ್ತದೆ. ಇದನ್ನು ತಡೆಯುವುದು ಗುಂಡಿನ ಸುತ್ತುವಿಕೆ ಮಾತ್ರ. ಚೆನ್ನಾಗಿ ಚಾಟಿ ಬಿಗಿದು ಬಿಟ್ಟ ಬುಗುರಿ ಓರೆಯಾದರೂ ಬೀಳದೆ ತೂಗಾಡುತ್ತಾ ನಿಲ್ಲುತ್ತದಲ್ಲ, ಗಾಳಿಯಲ್ಲಿ ಗುಂಡು ಉಳಿಯುವುದೂ ಅದೇ ನಿಯಮದಿಂದ.

ಎಷ್ಟು ತಿರುವು ಸಾಕು ಎಂಬುದಕ್ಕೆ ಮೊದಲ ಉಪಯುಕ್ತ ಸೂತ್ರ ಕೊಟ್ಟವರು ವುಲ್ವಿಚ್‌ನಲ್ಲಿ ಫಿರಂಗಿ ದಳದ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್, 1879ರಲ್ಲಿ. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬೇಕಾದ ತಿರುವು ಇಂಚುಗಳಲ್ಲಿ ಬರುತ್ತದೆ. ವೇಗ ಸೆಕೆಂಡಿಗೆ 2,800 ಅಡಿ ದಾಟಿದರೆ 150ರ ಬದಲು 180 ಹಾಕುವುದು ನಂತರ ಬಂದ ರೂಢಿ. ಗಮನಿಸಿ, ಈ ಸೂತ್ರದಲ್ಲಿ ತೂಕ ಎಂಬ ಮಾತೇ ಇಲ್ಲ. ಸೀಸದ ಗುಂಡಿನ ಸಾಂದ್ರತೆಯನ್ನು ಹಿಡಿದು ಮಾಡಿದ್ದರಿಂದ, ತಾಮ್ರಕ್ಕೆ ಬಳಸುವಾಗ ಉತ್ತರವನ್ನು ಸುಮಾರು 0.9ರಿಂದ ಗುಣಿಸಿಕೊಳ್ಳಬೇಕು.

ಇಂದು ಹೆಚ್ಚಿನವರು ಬಳಸುವುದು ಡಾನ್ ಮಿಲ್ಲರ್ ಅವರು 2005ರಲ್ಲಿ ಪ್ರಕಟಿಸಿದ ಸೂತ್ರ. ಅದರಲ್ಲಿ ಸ್ಥಿರತೆಗೆ ಒಂದು ಅಂಕ ಬರುತ್ತದೆ. ಭಾಜ್ಯ: ಗ್ರೇನುಗಳಲ್ಲಿ ತೂಕವನ್ನು 30ರಿಂದ ಗುಣಿಸಿದ್ದು. ಭಾಜಕ: ತಿರುವಿನ ವರ್ಗ, ವ್ಯಾಸದ ಘನ, ಉದ್ದ, ಮತ್ತು ಉದ್ದದ ವರ್ಗಕ್ಕೆ ಒಂದು ಕೂಡಿಸಿದ ಮೊತ್ತ, ಈ ನಾಲ್ಕರ ಗುಣಲಬ್ಧ. ತಿರುವನ್ನೂ ಉದ್ದವನ್ನೂ ಇಂಚಿನಲ್ಲಿ ಹಾಕದೆ, ಗುಂಡಿನ ವ್ಯಾಸದ ಎಷ್ಟು ಪಟ್ಟು ಎಂದು ಹಾಕಬೇಕು. ಉತ್ತರ 1ಕ್ಕಿಂತ ಕೆಳಗಿದ್ದರೆ ಗುಂಡು ಮಗುಚುತ್ತದೆ. 1.4ರಿಂದ 1.5 ಇದ್ದರೆ ನಿಶ್ಚಿಂತೆ. ನಡುವೆ ಇದ್ದರೆ ನೆಟ್ಟಗೆ ಹೋಗಬಹುದು, ಆದರೆ ಸಣ್ಣ ಓಲಾಟ ಉಳಿದು ಗಾಳಿಯ ಎಳೆತ ಹೆಚ್ಚುತ್ತದೆ.

ಭಾವನವರು ಎರಡೂ ಗುಂಡುಗಳ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ತಿಳಿಸಿದರೆ ಲೆಕ್ಕ ಮಾಡಿಕೊಡುತ್ತೇನೆ. ತೋಟಾದ (ಗುಂಡು, ಮದ್ದು, ಕೋಶ ಎಲ್ಲ ಸೇರಿದ್ದರ) ಒಟ್ಟು ಉದ್ದ ಬೇಡ. ಬಿಡಿ ಗುಂಡಿನದು ಬೇಕು.

ಪಿ.ಬಿ. ರಸ್ತೆ, ದಾವಣಗೆರೆ

ಮೇಷ್ಟ್ರೇ, ಭಾವನವರು ತೋಟಾಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವವರಾದ್ದರಿಂದ ಬಿಡಿ ಗುಂಡುಗಳೇ ಇದ್ದವು. ಸೀಸದ 100 ಗ್ರೇನಿನದು 0.98 ಇಂಚು. ತಾಮ್ರದ 95 ಗ್ರೇನಿನದು 1.17 ಇಂಚು. ಇಷ್ಟೊಂದು ವ್ಯತ್ಯಾಸ ಇರುತ್ತದೆಂದು ಅವರೂ ಎಣಿಸಿರಲಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಗುಂಡಿನ ವ್ಯಾಸ 0.243 ಇಂಚು. ಹತ್ತು ಇಂಚಿನ ತಿರುವು ಎಂದರೆ ವ್ಯಾಸದ 41.15 ಪಟ್ಟು. ಸೀಸದ ಗುಂಡಿನ ಉದ್ದ ವ್ಯಾಸದ 4.03 ಪಟ್ಟು, ತಾಮ್ರದ್ದು 4.81 ಪಟ್ಟು. ಮಿಲ್ಲರ್ ಸೂತ್ರದ ಮೂಲ ಸ್ಥಿತಿಯಲ್ಲಿ, ಅಂದರೆ 2,800 ಅಡಿ ವೇಗ, 15 ಡಿಗ್ರಿ ಸೆಲ್ಸಿಯಸ್ ಮತ್ತು ಸಮುದ್ರ ಮಟ್ಟದ ಗಾಳಿಯ ಒತ್ತಡ ಎಂದು ಹಿಡಿದರೆ, ಸೀಸದ ಗುಂಡಿಗೆ 1.77 ಬರುತ್ತದೆ. ತಾಮ್ರದ ಗುಂಡಿಗೆ ಬರುವುದು 1.01.

ಅದೇ ತಾಮ್ರದ ಗುಂಡನ್ನು ಎಂಟು ಇಂಚಿನ ತಿರುವಿನ ನಳಿಗೆಗೆ ಹಾಕಿ ಲೆಕ್ಕ ಮಾಡಿದರೆ 1.57 ಆಗುತ್ತದೆ. ಪೆಟ್ಟಿಗೆಯ ಮೇಲೆ ಬರೆದವರು ಇದೇ ಬಗೆಯ ಲೆಕ್ಕವನ್ನು ಮಾಡಿಯೇ ಬರೆದಿರಬೇಕು. ಗ್ರೀನ್‌ಹಿಲ್ ಸೂತ್ರವೂ ಬೇರೆ ಮಾತು ಹೇಳುವುದಿಲ್ಲ: 180 ಹಾಕಿದರೆ ಸೀಸದ ಗುಂಡಿಗೆ 10.8 ಇಂಚಿನ ತಿರುವು ಸಾಕು, ತಾಮ್ರದ ಗುಂಡಿಗೆ ಸಾಂದ್ರತೆಯ ತಿದ್ದುಪಡಿ ಸೇರಿ 8.2 ಇಂಚು ಬೇಕು.

ಹವಾಲ್ದಾರರು ಹೇಳಿದ ನಿಯಮಕ್ಕೆ ಇಲ್ಲಿ ಇನ್ನೊಂದು ತೊಡಕೂ ಇದೆ. ಸೂತ್ರದಲ್ಲಿ ತೂಕ ಇರುವುದು ಭಾಜ್ಯದಲ್ಲಿ. ಉದ್ದವನ್ನು ಹಾಗೆಯೇ ಇಟ್ಟು ತೂಕವನ್ನು ಹೆಚ್ಚಿಸಿದರೆ ಗುಂಡು ಹೆಚ್ಚು ಸ್ಥಿರವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 0.98 ಇಂಚಿನ ಸೀಸದ ಗುಂಡಿಗೂ ಅಷ್ಟೇ ಉದ್ದದ 80 ಗ್ರೇನಿನ ತಾಮ್ರದ ಗುಂಡಿಗೂ ಹೋಲಿಸಿದರೆ, ಹತ್ತು ಇಂಚಿನ ಅದೇ ನಳಿಗೆಯಲ್ಲಿ ಭಾರದ್ದಕ್ಕೆ 1.77, ಹಗುರದ್ದಕ್ಕೆ 1.42. ತಿರುವನ್ನು ಬೇಡುವುದು ಉದ್ದ. ಭಾರ ಅದಕ್ಕೆ ನೆರವಾಗುತ್ತದೆ.

ಇದನ್ನು ಲೆಕ್ಕಿಸದೆ ಹೋದ ಕಂಪನಿಗಳೂ ಇವೆ. 1955ರಲ್ಲಿ .243 ವಿಂಚೆಸ್ಟರ್ ಮಾರುಕಟ್ಟೆಗೆ ಬಂದ ವರ್ಷವೇ ರೆಮಿಂಗ್ಟನ್‌ನವರು .244 ಎಂಬ ತೋಟಾವನ್ನು ಬಿಟ್ಟರು. ಗುಂಡಿನ ವ್ಯಾಸ ಎರಡಕ್ಕೂ ಒಂದೇ. ಆದರೆ ವಿಂಚೆಸ್ಟರ್ ನಳಿಗೆ ಹತ್ತು ಇಂಚಿನದು, ರೆಮಿಂಗ್ಟನ್ ನಳಿಗೆ ಹನ್ನೆರಡು ಇಂಚಿನದು. ನರಿ, ಹೆಗ್ಗಣದಂಥ ಸಣ್ಣ ಪ್ರಾಣಿಗಳಿಗೆ ಹಗುರದ ಗುಂಡು ಹೊಡೆಯುವವರೇ ಕೊಳ್ಳುತ್ತಾರೆಂದು ರೆಮಿಂಗ್ಟನ್‌ನವರು ಎಣಿಸಿದ್ದರು. ಕೊಳ್ಳುವವರಿಗೆ ಅದೇ ರೈಫಲಿನಲ್ಲಿ 100 ಗ್ರೇನಿನಿಂದ ಜಿಂಕೆಯನ್ನೂ ಹೊಡೆಯಬೇಕಿತ್ತು. ಹನ್ನೆರಡು ಇಂಚಿನ ನಳಿಗೆಯಲ್ಲಿ ನಮ್ಮ ಸೀಸದ ಗುಂಡಿನ ಅಂಕ 1.77ರಿಂದ 1.23ಕ್ಕೆ ಇಳಿಯುತ್ತದೆ. ಮುಂದೆ ತಿರುವನ್ನು ಒಂಬತ್ತು ಇಂಚಿಗೆ ಬದಲಿಸಿ, 1963ರಲ್ಲಿ 6 ಎಂ.ಎಂ. ರೆಮಿಂಗ್ಟನ್ ಎಂದು ಹೆಸರನ್ನೂ ಬದಲಿಸಿದರು. ಅಷ್ಟರಲ್ಲಿ .243 ಬೇರೂರಿತ್ತು. ನನ್ನ ದೃಷ್ಟಿಯಲ್ಲಿ .244 ಕೆಟ್ಟ ತೋಟಾ ಆಗಿರಲಿಲ್ಲ. ನಳಿಗೆಯೊಳಗಿನ ಎರಡು ಇಂಚಿನ ವ್ಯತ್ಯಾಸ ಅದನ್ನು ಕೆಡವಿತು.

ನಿವೃತ್ತ ಹವಾಲ್ದಾರ್, ಹೊಳಲ್ಕೆರೆ

ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ನನ್ನ ಎರಡನೆಯ ಮಾತಿಗೆ ಉತ್ತರ ಸಿಗಲಿಲ್ಲ. ಅಂಕ 1.01 ಇರಲಿ, 0.9 ಇರಲಿ, ಕಾಗದ ಸುಳ್ಳು ಹೇಳುವುದಿಲ್ಲ. ಗುಂಡು ಅಡ್ಡಲಾಗಿ ಹೋದರೆ ಕಾಗದದ ಮೇಲೆ ಬೀಗದ ಕೈ ತೂರಿಸುವ ಕಂಡಿಯ ಆಕಾರದ ಉದ್ದ ರಂಧ್ರ ಬೀಳುತ್ತದೆ. ಇಲ್ಲಿ ದುಂಡಗೆ ಬಿದ್ದಿವೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಸೂತ್ರವನ್ನು ನಂಬಬೇಕೇ?

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಕಾಗದ ಸುಳ್ಳು ಹೇಳಿಲ್ಲ, ಆದರೆ ಅದು ಹೇಳಿದ್ದು ಜುಲೈ ತಿಂಗಳ ಮಾತು. ಬೇಟೆಯ ಕಾಲ ನವೆಂಬರ್.

ಗುಂಡನ್ನು ಮಗುಚುವುದು ಗಾಳಿ ಎಂದೆನಲ್ಲ. ಗಾಳಿ ದಟ್ಟವಾದಷ್ಟೂ ಆ ಬಲ ಹೆಚ್ಚು. ತಣ್ಣನೆಯ ಗಾಳಿ ದಟ್ಟ, ಬಿಸಿ ಗಾಳಿ ತೆಳು. ಎತ್ತರದ ಊರಿನಲ್ಲಿ ತೆಳು, ಸಮುದ್ರ ಮಟ್ಟದಲ್ಲಿ ದಟ್ಟ. ಸ್ಥಿರತೆಯ ಅಂಕವನ್ನು ಕೆಲ್ವಿನ್ ಮಾನದ ಉಷ್ಣಾಂಶಕ್ಕೆ ನೇರ ಅನುಪಾತದಲ್ಲಿಯೂ ಗಾಳಿಯ ಒತ್ತಡಕ್ಕೆ ವಿಲೋಮ ಅನುಪಾತದಲ್ಲಿಯೂ ತಿದ್ದಿಕೊಳ್ಳಬೇಕು. ಮಿನ್ನೆಸೋಟಾದ ಬಹುಭಾಗ ಸಮುದ್ರ ಮಟ್ಟದಿಂದ ಮುನ್ನೂರು ಮೀಟರಿನ ಆಸುಪಾಸಿನಲ್ಲಿದೆ ಎಂದು ಹಿಡಿಯೋಣ. ಜುಲೈ ತಿಂಗಳ 30 ಡಿಗ್ರಿಯಲ್ಲಿ 1.01 ಇದ್ದದ್ದು 1.10 ಆಗುತ್ತದೆ, ಗುಂಡು ತೂಗಾಡುತ್ತಲಾದರೂ ಮೂತಿ ಮುಂದಾಗಿಯೇ ಕಾಗದವನ್ನು ತಲುಪುತ್ತದೆ. ನವೆಂಬರಿನ ಚಳಿಯ ಬೆಳಗ್ಗೆ ಮೈನಸ್ 15 ಡಿಗ್ರಿ ಇದ್ದರೆ ಅದೇ ಅಂಕ 0.94ಕ್ಕೆ ಇಳಿಯುತ್ತದೆ. ಗುಂಡಿನ ನಿಜವಾದ ವೇಗ 2,800ಕ್ಕಿಂತ ಸ್ವಲ್ಪ ಹೆಚ್ಚಿರುವುದರಿಂದ ಶೇಕಡ ಎರಡರಷ್ಟು ಸೇರಿಸಿಕೊಂಡರೂ 1ನ್ನು ಮುಟ್ಟುವುದಿಲ್ಲ.

ಇದೇ ಗುಂಡನ್ನು ನಮ್ಮೂರಿಗೆ ತಂದು, ಸುಮಾರು ಆರು ನೂರು ಮೀಟರ್ ಎತ್ತರದ ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಹೊಡೆದರೆ ಅಂಕ 1.17. ಇಲ್ಲಿ ಪರೀಕ್ಷೆ ಮಾಡಿದವನು ನಳಿಗೆ ಚೆನ್ನಾಗಿದೆ ಎಂದು ಪ್ರಮಾಣ ಮಾಡಿ ಹೇಳಿಯಾನು, ಅವನ ಮಾತಿನಲ್ಲಿ ಮೋಸವೂ ಇರುವುದಿಲ್ಲ.

ಸೈನ್ಯಗಳೇ ಈ ಪಾಠವನ್ನು ಹಣ ತೆತ್ತು ಕಲಿತಿವೆ. ಅಮೆರಿಕದ ಎಆರ್-15 ರೈಫಲಿನ ಮೊದಲ ನಳಿಗೆಗಳಲ್ಲಿ ತಿರುವು ಹದಿನಾಲ್ಕು ಇಂಚಿಗೆ ಒಂದು ಸುತ್ತು ಇತ್ತು. 55 ಗ್ರೇನಿನ ಗುಂಡು ಸಾಮಾನ್ಯ ಹವೆಯಲ್ಲಿ ಸರಿಯಾಗಿಯೇ ಹೋಗುತ್ತಿತ್ತು. ಮೈನಸ್ 65 ಡಿಗ್ರಿ ಫ್ಯಾರನ್‌ಹೀಟ್ ಚಳಿಯ ಪರೀಕ್ಷೆಯಲ್ಲಿ ಅದರ ನಿಖರತೆ ಕೈಕೊಟ್ಟಿತು. 1963ರಲ್ಲಿ ತಿರುವನ್ನು ಹನ್ನೆರಡು ಇಂಚಿಗೆ ಬಿಗಿಗೊಳಿಸಿದರು. ಮುಂದೆ 62 ಗ್ರೇನಿನ ಗುಂಡು ಮತ್ತು ಅದಕ್ಕಿಂತ ಉದ್ದವಾದ, ಬೆಳಕಿನ ಗೆರೆ ಬಿಡುವ ಟ್ರೇಸರ್ ಗುಂಡು ಬಂದಾಗ, ಅದೇ ರೈಫಲಿನ ಮುಂದಿನ ಸೈನಿಕ ರೂಪವಾದ ಎಂ16ಎ2ರಲ್ಲಿ ಏಳು ಇಂಚಿಗೆ ಇಳಿಸಿದರು. 62 ಗ್ರೇನಿಗೆ ಅಷ್ಟು ಬಿಗಿ ಬೇಕಿರಲಿಲ್ಲ. ಅದನ್ನು ಕೇಳಿದ್ದು ಟ್ರೇಸರಿನ ಉದ್ದ.

ಮಿಲ್ಲರ್ ಸೂತ್ರವೂ ಅಂದಾಜಿನದೇ ಎಂಬುದನ್ನು ಸೇರಿಸಬೇಕು. ಮೂತಿಯಲ್ಲಿ ಪ್ಲಾಸ್ಟಿಕ್ ತುದಿಯಿರುವ, ಮೈಮೇಲೆ ಉಂಗುರದ ಗೀರುಗಳಿರುವ ಗುಂಡುಗಳಿಗೆ ಉತ್ತರ ತುಸು ಆಚೀಚೆ ಆಗುತ್ತದೆ. ಅದಕ್ಕಾಗಿಯೇ 1ಕ್ಕೆ ತೃಪ್ತರಾಗದೆ 1.4ನ್ನು ಕೇಳುವುದು.

ಏಳು ಸುತ್ತಿನ ಕೋಟೆ, ಚಿತ್ರದುರ್ಗ

ನನ್ನ ಎರಡು ಸಂದೇಹಗಳು. ದುರ್ಗದ ಕೋಟೆಯ ಕಾಲದ ತುಪಾಕಿಗಳ ನಳಿಗೆಯೊಳಗೆ ಸುರುಳಿ ಗೆರೆಗಳೇ ಇರಲಿಲ್ಲ. ಇಂದಿಗೂ ಹಳ್ಳಿಗಳಲ್ಲಿ ಪರವಾನಗಿ ಇರುವ ಕೇಪಿನ ಕೋವಿಗಳದ್ದು ನುಣುಪು ನಳಿಗೆಯೇ. ಆ ಗುಂಡುಗಳು ಏಕೆ ಮಗುಚುವುದಿಲ್ಲ? ಎರಡನೆಯದು, ರೈಫಲ್ ಗುಂಡು ತಿರುಗುತ್ತಾ ಹೋಗುವುದರಿಂದ ಮಾಂಸವನ್ನು ಕೊರೆದುಕೊಂಡು ಒಳಕ್ಕೆ ಇಳಿಯುತ್ತದೆ, ತಿರುವು ಬಿಗಿಯಾದಷ್ಟೂ ಕೊರೆತ ಹೆಚ್ಚು ಎಂದು ನಮ್ಮ ಕಡೆ ಹಿರಿಯರು ಹೇಳುವುದುಂಟು. ಹಾಗಿದ್ದರೆ ಬೇಟೆಗೆ ಬಿಗಿಯಾದ ತಿರುವೇ ಒಳ್ಳೆಯದಲ್ಲವೇ?

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆ ಕೋವಿಗಳ ಗುಂಡು ಗೋಳಾಕಾರದ್ದು. ಗೋಳಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ; ಮಗುಚಿದರೂ ಅದೇ ಆಕಾರ. ಗೋಲಿ ಗುಂಡಿನ ರೈಫಲುಗಳಲ್ಲಿ ಸುರುಳಿ ಇರುವುದು ಗುಂಡು ನಳಿಗೆಯ ಬಾಯಿ ಬಿಡುವಾಗ ಪಡೆದ ಅಡ್ಡಾದಿಡ್ಡಿ ಸುತ್ತನ್ನು ತಪ್ಪಿಸಿ ಒಂದೇ ಅಕ್ಷಕ್ಕೆ ತರಲು ಮಾತ್ರ. ಅದಕ್ಕೆ 48 ಅಥವಾ 66 ಇಂಚಿಗೆ ಒಂದು ಸುತ್ತಿನಷ್ಟು ಸಡಿಲ ತಿರುವೇ ಸಾಕು.

ಎರಡನೆಯದು ಬಹಳ ಹಳೆಯ ನಂಬಿಕೆ, ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಭಾವನವರ ಗುಂಡು 2,900 ಅಡಿ ವೇಗದಲ್ಲಿ ಹತ್ತು ಇಂಚಿನ ನಳಿಗೆಯಿಂದ ಹೊರಬಿದ್ದಾಗ ನಿಮಿಷಕ್ಕೆ 2,08,800 ಸುತ್ತು ಸುತ್ತುತ್ತದೆ. ಕೇಳಲು ಭಯಂಕರವಾಗಿದೆ. ಆದರೆ ಅದು ಎಷ್ಟು ವೇಗವಾಗಿ ಮುಂದೆ ಹೋಗುತ್ತಿದೆಯೆಂದರೆ, ಹತ್ತು ಇಂಚು ದಾಟುವಷ್ಟರಲ್ಲಿ ಸುತ್ತುವುದು ಒಂದೇ ಸುತ್ತು. ಹದಿನೈದು ಇಂಚು ಅಗಲದ ಜಿಂಕೆಯ ಎದೆಯನ್ನು ಹಾಯುವಾಗ, ಒಳಗೆ ವೇಗ ಇಳಿಯುವುದನ್ನು ಲೆಕ್ಕಕ್ಕೆ ತಂದುಕೊಂಡರೂ, ಬೆರಳೆಣಿಕೆಯ ಸುತ್ತುಗಳಷ್ಟೇ. ಗುಂಡಿನ ಒಟ್ಟು ಚಲನ ಶಕ್ತಿಯಲ್ಲಿ ಸುತ್ತುವಿಕೆಯ ಪಾಲು ಶೇಕಡ ಅರ್ಧವೂ ಇರುವುದಿಲ್ಲ. ಇದರಲ್ಲಿ ಕೊರೆಯುವ ಮಾತೆಲ್ಲಿ ಬಂತು?

ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಮಾಂಸ ಹೆಚ್ಚುಕಡಿಮೆ ನೀರಿನಷ್ಟು ಸಾಂದ್ರ, ಅಂದರೆ ಗಾಳಿಗಿಂತ ಸುಮಾರು ಎಂಟು ನೂರು ಪಟ್ಟು. ಗಾಳಿಯಲ್ಲಿ 1.5 ಇದ್ದ ಅಂಕ ಅಲ್ಲಿ ಲೆಕ್ಕಕ್ಕೇ ಬಾರದಷ್ಟು ಕುಸಿಯುತ್ತದೆ. ಸುತ್ತುವಿಕೆಯಿಂದಲೇ ಅದನ್ನು ಉಳಿಸಿಕೊಳ್ಳಬೇಕೆಂದರೆ ಸುತ್ತಿನ ವೇಗವನ್ನು ಇಪ್ಪತ್ತೆಂಟು ಪಟ್ಟು ಹೆಚ್ಚಿಸಬೇಕು. ಅಂಥ ನಳಿಗೆಯನ್ನು ಯಾರೂ ಮಾಡಲಾರರು, ಮಾಡಿದರೂ ಗುಂಡು ಹೊರಬರುವಾಗಲೇ ಛಿದ್ರವಾಗುತ್ತದೆ. ಪ್ರಾಣಿಯ ಒಳಗೆ ಗುಂಡನ್ನು ನೆಟ್ಟಗೆ ಒಯ್ಯುವುದು ತಿರುವು ಅಲ್ಲ, ಅದರ ಆಕಾರ. ಬೇಟೆಯ ಗುಂಡು ತಾಗಿದ ಕೂಡಲೇ ಮೂತಿ ಅರಳಿ ಮೊಂಡಾಗುತ್ತದೆ. ಭಾರ ಮುಂದಕ್ಕೆ ಸರಿಯುತ್ತದೆ, ಉದ್ದ ಕುಗ್ಗುತ್ತದೆ. ಹಾಗೆ ಅರಳಿದ ಗುಂಡು ಸುತ್ತದಿದ್ದರೂ ನೆಟ್ಟಗೆ ಸಾಗಬಲ್ಲದು.

ತಿರುವಿನ ಪಾತ್ರ ಇರುವುದು ತಾಗುವ ಕ್ಷಣದವರೆಗೆ. ತಾಮ್ರದ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಅದರೊಳಗೆ ದ್ರವದ ಒತ್ತಡ ತುಂಬಿದಾಗ ಮೂತಿ ದಳದಳವಾಗಿ ಬಿಚ್ಚಿಕೊಳ್ಳುತ್ತದೆ. ಗುಂಡು ಮೂತಿ ಮುಂದಾಗಿ ತಾಗಿದರೆ ಮಾತ್ರ ಇದು ಸಾಧ್ಯ. ಓಲಾಡುತ್ತಾ ಓರೆಯಾಗಿ ತಾಗಿದರೆ ಕುಳಿ ಸರಿಯಾಗಿ ತುಂಬದೆ, ಮೂತಿ ಅರಳದೆ, ಗುಂಡು ಒಳಗೆ ಹೊರಳಿ ಎತ್ತಲೋ ತಿರುಗಿಬಿಡುತ್ತದೆ. ಹೃದಯಕ್ಕೆ ಗುರಿಯಿಟ್ಟ ಗುಂಡು ಹೊಟ್ಟೆಗೆ ಇಳಿದರೆ ಪ್ರಾಣಿ ಓಡಿಹೋಗಿ ಎಲ್ಲಿಯೋ ನರಳಿ ಸಾಯುತ್ತದೆ. ಕಾಗದಕ್ಕೆ ಹೊಡೆಯುವವನಿಗೆ 1.1 ಅಂಕ ಒಂದೆರಡು ಪಾಯಿಂಟಿನ ನಷ್ಟ. ಬೇಟೆಗಾರನಿಗೆ ಅದು ನೈತಿಕ ಪ್ರಶ್ನೆ ಎಂದೇ ನಾನು ಭಾವಿಸುತ್ತೇನೆ.

ನಿವೃತ್ತ ಹವಾಲ್ದಾರ್, ಹೊಳಲ್ಕೆರೆ

ಮೇಷ್ಟ್ರ ಈ ಮಾತಿಗೆ ನಮ್ಮ .303 ಸಾಕ್ಷಿ. ಏಳನೇ ಮಾರ್ಕಿನ ಗುಂಡಿನ ಮೂತಿಯೊಳಗೆ ಸೀಸದ ಬದಲು ಅಲ್ಯೂಮಿನಿಯಮ್ ಅಥವಾ ನಾರಿನ ಹಗುರ ತುಣುಕನ್ನು ಇಡುತ್ತಿದ್ದರು. ಭಾರ ಹಿಂದಕ್ಕೆ ಸರಿದಿರುತ್ತಿತ್ತು. ಗಾಳಿಯಲ್ಲಿ ಅದು ಕದಲದೆ ಹೋಗುತ್ತಿತ್ತು, ಹತ್ತು ಇಂಚಿನ ತಿರುವು ಅಷ್ಟು ಬಿಗಿಯಾಗಿತ್ತಲ್ಲ. ದೇಹವನ್ನು ಹೊಕ್ಕ ಕೂಡಲೇ ಹಿಂಬದಿ ಮುಂದಾಗಿ ಹೊರಳಿಬಿಡುತ್ತಿತ್ತು. ಅರಳದ ಗುಂಡಿಗೆ ತಿರುವು ಒಳಗೆ ಏನೂ ಸಹಾಯ ಮಾಡುವುದಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ.

ಲೇತ್ ಶೆಡ್, ಹರಿಹರ ರಸ್ತೆ

ನಾನು ಬಂದೂಕು ಮುಟ್ಟಿದವನಲ್ಲ, ಲೇತ್ ಮಷೀನಿನ ಮುಂದೆ ನಿಲ್ಲುವವನು. ಸಡಿಲವಾದರೆ ಇಷ್ಟೆಲ್ಲ ತೊಂದರೆ ಎಂದಾದ ಮೇಲೆ ಎಲ್ಲ ನಳಿಗೆಗಳನ್ನೂ ಏಳು ಇಂಚಿಗೋ ಎಂಟು ಇಂಚಿಗೋ ಮಾಡಿಬಿಟ್ಟರೆ ಆಯಿತಲ್ಲ ಸರ್? ಉದ್ದದ್ದೂ ಹೋಗುತ್ತದೆ, ಗಿಡ್ಡದ್ದೂ ಹೋಗುತ್ತದೆ.

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಹೊಸ ರೈಫಲುಗಳು ಹೆಚ್ಚುಕಡಿಮೆ ಅದೇ ದಾರಿ ಹಿಡಿದಿವೆ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾದ ನಳಿಗೆಗಳು ಮೊದಲಿನಿಂದಲೂ ಎಂಟು ಇಂಚಿನವು. ಆದರೆ ಬಿಗಿ ತಿರುವಿಗೂ ಬೆಲೆ ತೆರಬೇಕಾಗುತ್ತದೆ, ಅದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಲೇತಿನಲ್ಲಿ ಸೆಂಟರ್ ತಪ್ಪಿದ ಜಾಬ್ ಕಡಿಮೆ ಆರ್‌ಪಿಎಮ್‌ನಲ್ಲಿ ಸುಮ್ಮನಿದ್ದು ವೇಗ ಏರಿಸಿದಾಗ ನಡುಗುತ್ತದೆ. ಯಾವ ಗುಂಡೂ ನೂರಕ್ಕೆ ನೂರು ಸಮತೋಲನದಲ್ಲಿ ಇರುವುದಿಲ್ಲ; ತಗಡಿನ ಹೊದಿಕೆ ಒಂದು ಕಡೆ ಕೂದಲೆಳೆಯಷ್ಟು ದಪ್ಪವಿದ್ದರೂ ಗುರುತ್ವ ಕೇಂದ್ರ ನಡುವಿನಿಂದ ಸರಿದಿರುತ್ತದೆ. ಅಂಥ ಗುಂಡು ನಳಿಗೆಯ ಬಾಯಿ ದಾಟಿದ ಕ್ಷಣ ಪಕ್ಕಕ್ಕೆ ಚಿಮ್ಮುತ್ತದೆ, ಸುತ್ತು ಹೆಚ್ಚಿದಷ್ಟೂ ಚಿಮ್ಮುವುದು ಹೆಚ್ಚು. ಬೆಂಚಿನ ಮೇಲೆ ರೈಫಲ್ ಇಟ್ಟು ಒಂದೇ ರಂಧ್ರದಲ್ಲಿ ಹಲವು ಗುಂಡು ಕೂರಿಸುವ ಸ್ಪರ್ಧಿಗಳು ಇಂದಿಗೂ ಗಿಡ್ಡ ಗುಂಡಿಗೆ ಹದಿಮೂರು, ಹದಿನಾಲ್ಕು ಇಂಚಿನ ಸಡಿಲ ತಿರುವನ್ನು ಬಯಸುವುದು ಇದಕ್ಕಾಗಿ.

ಎರಡನೆಯದಾಗಿ, ಸಣ್ಣ ಪ್ರಾಣಿಗಳಿಗೆಂದು ತೆಳು ಹೊದಿಕೆ ಹಾಕಿ ಮಾಡಿದ ಗುಂಡುಗಳು ನಿಮಿಷಕ್ಕೆ ಮೂರು ಲಕ್ಷ ಸುತ್ತು ದಾಟಿದರೆ ಗಾಳಿಯಲ್ಲಿಯೇ ಬಿಚ್ಚಿಕೊಂಡು ಪುಡಿಯಾಗುವುದುಂಟು. ಪೂರ್ತಿ ತಾಮ್ರದ ಗುಂಡಿಗೆ ಆ ಭಯ ಇಲ್ಲ, ಏಕೆಂದರೆ ಬಿಚ್ಚಿಕೊಳ್ಳಲು ಹೊದಿಕೆಯೇ ಇಲ್ಲ. ಭಾವನವರ ರೈಫಲಿನಲ್ಲಿ ಎಂಟು ಇಂಚಿನ ನಳಿಗೆ ಇದ್ದಿದ್ದರೆ ಸುತ್ತು ನಿಮಿಷಕ್ಕೆ 2,61,000, ಅದು ಗಾಬರಿಪಡುವಂಥದ್ದಲ್ಲ. ಬೇಟೆಗೆ ನನ್ನ ಆಯ್ಕೆ ಬಿಗಿಯ ಕಡೆಗೇ ವಾಲುತ್ತದೆ: ಸಮತೋಲನ ತಪ್ಪಿದ ಗುಂಡು ನೂರು ಗಜದಲ್ಲಿ ಕಾಲು ಇಂಚು ಆಚೆ ಬಿದ್ದರೆ ಜಿಂಕೆಯ ಎದೆಯ ಅಳತೆಯಲ್ಲಿ ಅದು ಏನೂ ಅಲ್ಲ, ಓರೆಯಾಗಿ ತಾಗಿದರೆ ಎಲ್ಲವೂ ಕೆಟ್ಟಂತೆ.

ಪಿ.ಬಿ. ರಸ್ತೆ, ದಾವಣಗೆರೆ

ಇಡೀ ಚರ್ಚೆಯನ್ನು ಭಾವನವರಿಗೆ ಕಳಿಸಿದ್ದೆ. ಅವರು ಕೇಳುತ್ತಿರುವುದು ಇಷ್ಟು: ನಳಿಗೆ ಬದಲಿಸುವ ಮನಸ್ಸಿಲ್ಲ. ಮೇಷ್ಟ್ರು ಉದಾಹರಣೆಗೆ ಹಿಡಿದ 80 ಗ್ರೇನಿನ ತಾಮ್ರದ ಗುಂಡು ಅವರ ಅಂಗಡಿಯಲ್ಲಿ ಸಿಗುತ್ತದೆ, ಅದರ ಉದ್ದವೂ 0.98 ಇಂಚೇ ಇದೆ. ಅದಕ್ಕೆ ಚಳಿಯಲ್ಲಿ ಎಷ್ಟು ಅಂಕ ಬರುತ್ತದೆ? ಇನ್ನೊಂದು ಪ್ರಶ್ನೆ, ದೂರ ಹೋದಂತೆ ಗುಂಡಿನ ವೇಗ ಕಡಿಮೆಯಾಗುವುದರಿಂದ ಇನ್ನೂರು ಗಜದಾಚೆ ಅದು ಮಗುಚುವ ಅಪಾಯ ಹೆಚ್ಚುತ್ತದೆಯೇ?

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಎರಡನೆಯದನ್ನು ಮೊದಲು ಹೇಳುತ್ತೇನೆ. ಗಾಳಿಯಲ್ಲಿ ಗುಂಡಿನ ಮುಂದೋಟದ ವೇಗ ಬೇಗ ಕುಗ್ಗುತ್ತದೆ, ಸುತ್ತುವ ವೇಗ ಬಹಳ ನಿಧಾನವಾಗಿ ಕುಗ್ಗುತ್ತದೆ. ಮಗುಚುವ ಬಲ ಮುಂದೋಟದ ವೇಗದ ವರ್ಗವನ್ನು ಅನುಸರಿಸುವುದರಿಂದ ದೂರ ಹೋದಂತೆ ಸ್ಥಿರತೆಯ ಅಂಕ ಏರುತ್ತಾ ಹೋಗುತ್ತದೆ. ಅತ್ಯಂತ ಕಷ್ಟದ ಗಳಿಗೆ ನಳಿಗೆಯ ಬಾಯಿಯಲ್ಲಿಯೇ. ಅದಕ್ಕೇ ತಿರುವು ಸಾಲದ ಗುಂಡಿನ ಉದ್ದ ರಂಧ್ರ ಇಪ್ಪತ್ತೈದು ಗಜದ ಕಾಗದದಲ್ಲಿಯೇ ಕಾಣಿಸುತ್ತದೆ. ಶಬ್ದದ ವೇಗದ ಹತ್ತಿರಕ್ಕೆ ಇಳಿದಾಗ ಬೇರೆ ರೀತಿಯ ಅಸ್ಥಿರತೆ ಕಾಡಬಹುದು, ಆದರೆ .243 ಗುಂಡು ಅಷ್ಟು ನಿಧಾನವಾಗುವ ದೂರದಲ್ಲಿ ಯಾರೂ ಜಿಂಕೆಗೆ ಗುರಿಯಿಡಬಾರದು.

80 ಗ್ರೇನಿನ ಗುಂಡಿಗೆ ಮೂಲ ಸ್ಥಿತಿಯಲ್ಲಿ 1.42, ಮಿನ್ನೆಸೋಟಾದ ಮೈನಸ್ 15ರಲ್ಲಿ 1.32. ಆದರೆ ನಳಿಗೆ ನಿಜವಾಗಿಯೂ ಹತ್ತು ಇಂಚಿನದೇ ಎಂದು ಅಳೆದು ನೋಡಿದ್ದಾರೆಯೇ? ಮುದ್ರೆಗೂ ನಿಜಕ್ಕೂ ಅಂತರ ಇರುವುದುಂಟು. ರೈಫಲಿನಲ್ಲಿ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ಬೋಲ್ಟ್ ಕಳಚಿ, ಹಿಡಿಯ ಬಳಿ ಬೇರಿಂಗ್ ಇದ್ದು ತಾನಾಗಿ ತಿರುಗುವ ಸ್ವಚ್ಛತಾ ಸಲಾಕೆಗೆ ಬಟ್ಟೆಯ ತುಂಡನ್ನು ಬಿಗಿಯಾಗಿ ಸುತ್ತಿ ನಳಿಗೆಯೊಳಗೆ ತಳ್ಳಬೇಕು. ಸಲಾಕೆಯ ಮೇಲ್ಭಾಗಕ್ಕೆ ಒಂದು ಗುರುತು ಮಾಡಿ, ಅದು ಒಂದು ಪೂರ್ತಿ ಸುತ್ತು ಬಂದು ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ಸಲಾಕೆ ಎಷ್ಟು ಒಳಗೆ ಹೋಯಿತೆಂದು ಅಳೆದರೆ ಅದೇ ತಿರುವು. ಬಟ್ಟೆ ಸಡಿಲವಿದ್ದರೆ ಗೆರೆಗಳ ಮೇಲೆ ಜಾರಿ ತಪ್ಪು ಅಳತೆ ಕೊಡುತ್ತದೆ. ಹಾಗಾಗಿ ಕೆಲವು ಸಲ ಅಳೆದು ಸರಾಸರಿ ತೆಗೆದುಕೊಳ್ಳಲಿ.

ಪಿ.ಬಿ. ರಸ್ತೆ, ದಾವಣಗೆರೆ

ಅಳೆದಿದ್ದಾರೆ. ಹತ್ತೂ ಕಾಲು ಇಂಚು ಬಂದಿದೆ.

ಮೆಕ್ಯಾನಿಕಲ್ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಕಾಲು ಇಂಚಿಗೆ ಅಂಕ ಶೇಕಡ ಐದರಷ್ಟು ಇಳಿಯುತ್ತದೆ, ಅಂದರೆ ಚಳಿಯಲ್ಲಿ 1.25. ಹಗುರದ ಗುಂಡಾದ್ದರಿಂದ ವೇಗ 3,200 ಅಡಿಯವರೆಗೂ ಹೋಗುತ್ತದೆ. ಅದರ ತಿದ್ದುಪಡಿ ಸೇರಿಸಿದರೆ 1.31. ನಾನು ಕೇಳುವ 1.4 ಅಲ್ಲ, ಆದರೆ ಜಿಂಕೆಯನ್ನು ಹತ್ತಿರದಿಂದ ಹೊಡೆಯುವ ಕಾಡಿನಲ್ಲಿ ಇದರಿಂದ ತೊಂದರೆ ಬಾರದು. 95 ಗ್ರೇನಿನ ಪೆಟ್ಟಿಗೆಗೆ ಮಾತ್ರ ಈ ನಳಿಗೆ ಇನ್ನೂ ದೂರ: ಅದರ ಚಳಿಗಾಲದ ಅಂಕ ಈಗ 0.9ರ ಆಸುಪಾಸಿಗೆ ಇಳಿಯಿತು. ಆ ಪೆಟ್ಟಿಗೆಯನ್ನು ಅಂಗಡಿಗೆ ಹಿಂದಿರುಗಿಸುವುದು ಒಳ್ಳೆಯದು. 80 ಗ್ರೇನಿನದನ್ನು ಬೇಟೆಯ ಕಾಲ ಶುರುವಾಗುವ ಮೊದಲು, ಸಿಗುವ ಅತ್ಯಂತ ತಣ್ಣನೆಯ ಬೆಳಗ್ಗೆ, ಇಪ್ಪತ್ತೈದು ಗಜದಲ್ಲಿಯೂ ನೂರು ಗಜದಲ್ಲಿಯೂ ಬಿಗಿಯಾಗಿ ಎಳೆದು ಕಟ್ಟಿದ ದಪ್ಪ ಕಾಗದಕ್ಕೆ ಹೊಡೆದು ನೋಡಲಿ. ರಂಧ್ರದ ಅಂಚಿನಲ್ಲಿ ಒಂದು ಬದಿಗೆ ಮಾತ್ರ ಕಪ್ಪು ಮಸಿ ಹತ್ತಿದ್ದರೆ ಅಥವಾ ದುಂಡು ಸ್ವಲ್ಪವಾದರೂ ಎಳೆದಂತಿದ್ದರೆ ಇಲ್ಲಿ ತಿಳಿಸಿ.

ಪಿ.ಬಿ. ರಸ್ತೆ, ದಾವಣಗೆರೆ

ಧನ್ಯವಾದಗಳು ಮೇಷ್ಟ್ರೇ. ಪೆಟ್ಟಿಗೆಯನ್ನು ಹಿಂದಿರುಗಿಸಲು ಒಪ್ಪಿದ್ದಾರೆ. ಅಕ್ಟೋಬರ್ ಕೊನೆಗೆ ಅಲ್ಲಿ ಹಿಮ ಬೀಳಲು ಶುರುವಾಗುತ್ತದಂತೆ; ಕಾಗದದ ಚಿತ್ರಗಳನ್ನು ಆಗ ಹಾಕುತ್ತೇನೆ.